ಅಪ್ಪನಿಗೊಂದು ಎಂಟ್ರೆನ್ಸ್ ಟೆಸ್ಟ್

ನೀಟ್ ರಿಸಲ್ಟ್ ಬಂದ ವಾರ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಭೂಗೋಳದ ಜ್ಞಾನ ದಿಢೀರನೆ ಏರುತ್ತದೆ. ಹೊಳೆ ದಾಟಿ ನ್ಯೂ ಟೌನಿಗೆ ಹೋಗಲು ಆಟೊ ದುಬಾರಿ ಎನ್ನುವವರು ಟೀ ಅಂಗಡಿ ಮುಂದೆ ನಿಂತು ತ್ಬಿಲಿಸಿಯ ಚಳಿಗೂ ಬಿಷ್ಕೆಕ್‌ನ ಚಳಿಗೂ ಇರುವ ವ್ಯತ್ಯಾಸ ಹೇಳುತ್ತಾರೆ. "ಜಾರ್ಜಿಯಾ ಸೇಫ್ ಕಣ್ರೀ, ಇಂಡಿಯನ್ ಮೆಸ್ ಇದೆಯಂತೆ." ಡಾಕ್ಟರಾಗಲು ಇನ್ನೇನು ಬೇಕು, ಅನ್ನ-ಸಾರು ಸಿಕ್ಕರಾಯಿತು.

ನಮ್ಮಲ್ಲಿ ಸರ್ಕಾರಿ ಸೀಟಿಗೆ ರ‍್ಯಾಂಕ್ ಬೇಕು, ಮ್ಯಾನೇಜ್‌ಮೆಂಟ್ ಸೀಟಿಗೆ ಅಡಿಕೆ ತೋಟ ಬೇಕು. ಎರಡೂ ಇಲ್ಲದವರಿಗಾಗಿ ಶಿವಮೊಗ್ಗದ ಹೋಟೆಲಿನ ಎಸಿ ಹಾಲಿನಲ್ಲಿ ಭಾನುವಾರ ವಿದೇಶಿ ಎಂಬಿಬಿಎಸ್ ಬಗ್ಗೆ ಉಚಿತ ಸೆಮಿನಾರ್ ಇರುತ್ತದೆ. ಅಲ್ಲಿ ಹುಡುಗನನ್ನು ಯಾರೂ ಏನೂ ಕೇಳುವುದಿಲ್ಲ. ಬಯಾಲಜಿ ಇಷ್ಟವಾ, ರಕ್ತ ಕಂಡರೆ ತಲೆ ಸುತ್ತುತ್ತಾ, ಊಹೂಂ. ಪ್ರಶ್ನೆಗಳೆಲ್ಲ ಅಪ್ಪನಿಗೇ. "ಮನೆ ನಿಮ್ಮ ಹೆಸರಲ್ಲೇ ಇದೆಯಾ ಸಾರ್? ಇ-ಖಾತೆ ಆಗಿದೆಯಾ? ವಿಆರ್‌ಎಸ್ ದುಡ್ಡು ಎಫ್‌ಡಿಯಲ್ಲಿದೆಯಾ?" ಅಪ್ಪ ಹೂಂ ಎನ್ನುತ್ತಾ ಹೋದ ಹಾಗೆ ಮಗನ ಪ್ರತಿಭೆ ಹೆಚ್ಚುತ್ತಾ ಹೋಗುತ್ತದೆ. ಮೂರನೇ ಹೂಂಗೆ ಅಡ್ಮಿಷನ್ ಲೆಟರ್.

ಆ ವಿಆರ್‌ಎಸ್ ಎಫ್‌ಡಿಯ ಕತೆಯೂ ಸಣ್ಣದಲ್ಲ. 1923ರಲ್ಲಿ ಕುಲುಮೆ ಹೊತ್ತಿಕೊಂಡ ನಮ್ಮ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಸೇಲ್ ಸಂಸ್ಥೆ ಕೈಗೊಂಡಿದ್ದು 2023ರ ಜನವರಿಯಲ್ಲಿ. ನೂರು ತುಂಬಿದ್ದಕ್ಕೆ ಉಡುಗೊರೆ. (ಆಮೇಲೆ ಅಷ್ಟಿಷ್ಟು ಉಸಿರಾಡುತ್ತಿದೆ, ಆ ಮಾತು ಬೇರೆ.) ಎಂಪಿಎಂ ಕಾಗದ ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತ್ತು. ಕಾಗದನಗರದಲ್ಲಿ ಕಾಗದ ತಯಾರಿ ನಿಂತರೇನು, ಆಫರ್ ಲೆಟರ್, ಇನ್ವಿಟೇಷನ್ ಲೆಟರ್, ಅಪೋಸ್ಟಿಲ್, ನೋಟರಿ ಎಂದು ಕಾಗದದ ವ್ಯಾಪಾರ ಜೋರಾಗಿದೆ.

ಸರ್ಕಾರದ್ದೂ ಒಂದು ಕಾಗದ ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರಿನಲ್ಲಿ ಹೊರಡಿಸಿದ ನಿಯಮ: ಕನಿಷ್ಠ 54 ತಿಂಗಳ ಕೋರ್ಸು, ಪಾಠ ಇಂಗ್ಲಿಷಿನಲ್ಲಿ, ಅಲ್ಲೇ 12 ತಿಂಗಳು ಇಂಟರ್ನ್‌ಶಿಪ್, ವಾಪಸ್ ಬಂದ ಮೇಲೆ ಇಲ್ಲೂ 12 ತಿಂಗಳು. ಇದನ್ನು ಕೇಳಿದರೆ ಕೌನ್ಸೆಲರ್ ಹೇಳುವುದು, "ಅದೆಲ್ಲ ನಾವು ನೋಡ್ಕೋತೀವಿ ಸಾರ್." ವಿದೇಶದಲ್ಲಿ ಓದಿದವರು ಇಲ್ಲಿ ಡಾಕ್ಟರಾಗಲು ಬರೆಯಬೇಕಾದ ಎಫ್‌ಎಂಜಿಇ ಪರೀಕ್ಷೆಯ ವಿಷಯವಂತೂ ಬ್ರೋಷರಿನ ಕೊನೇ ಪುಟದ ಮೂಲೆಯಲ್ಲಿ ಇರುವೆ ಸಾಲಿನಂತೆ ಹರಿದಿರುತ್ತದೆ. 300ಕ್ಕೆ 150 ಬಂದರೆ ಸಾಕು, ಪಾಸು. ಆದರೂ ಬಹುತೇಕ ಪ್ರತಿ ಸಲವೂ ಬರೆದವರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಮಂದಿ ಫೇಲ್. ಮಗನನ್ನು ನಿಜವಾಗಿ ಪರೀಕ್ಷಿಸುವುದು ಆಗ, ಅಪ್ಪನ ಎಫ್‌ಡಿ ಮುಗಿದ ಮೇಲೆ.

2022ರ ಮಾರ್ಚ್ 1ರಂದು, ಯುಕ್ರೇನ್ ಯುದ್ಧದ ನಡುವೆ, ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಿನಸಿ ತರಲು ಹೋಗಿ ಶೆಲ್ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ಶೇ 97 ಬಂದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ಅವನ ತಂದೆ ಹೇಳಿದ್ದನ್ನು ರಾಜ್ಯವೆಲ್ಲ ಕೇಳಿತು. ಸೀಟು ಹೆಚ್ಚಿಸಬೇಕು, ಶುಲ್ಕ ಇಳಿಸಬೇಕು ಎಂದು ಟಿವಿಗಳಲ್ಲಿ ಗಂಟಲು ಹರಿಯುವಷ್ಟು ಚರ್ಚೆ ನಡೆಯಿತು. ತಕ್ಷಣ ಪಾಠ ಕಲಿತವು ಮಾತ್ರ ಕನ್ಸಲ್ಟೆನ್ಸಿಗಳು: ಬೋರ್ಡಿನ ಯುಕ್ರೇನ್ ಮೇಲೆ ಸ್ಟಿಕ್ಕರ್ ಅಂಟಿಸಿ ಕಿರ್ಗಿಸ್ತಾನ್ ಮಾಡಿದವು. 2024ರ ಮೇ ತಿಂಗಳಲ್ಲಿ ಅಲ್ಲಿನ ರಾಜಧಾನಿ ಬಿಷ್ಕೆಕ್‌ನ ಹಾಸ್ಟೆಲುಗಳಿಗೆ ಗುಂಪು ನುಗ್ಗಿ ವಿದೇಶಿ ವಿದ್ಯಾರ್ಥಿಗಳನ್ನು ಬಡಿದಾಗ ಅದರ ಮೇಲೊಂದು ಸ್ಟಿಕ್ಕರ್. ಬೋರ್ಡು ಈಗ ಸಾಕಷ್ಟು ದಪ್ಪವಾಗಿದೆ.

ಈ ಸಲದ ಸೆಮಿನಾರಿನಲ್ಲಿ ಮೈಕ್ ಹಿಡಿದ ಹುಡುಗ ಎಲ್ಲರಿಗೂ ಹಿಡಿಸಿದ. ಬಿಳಿ ಕೋಟು, ಕೊರಳಲ್ಲಿ ಸ್ಟೆತಾಸ್ಕೋಪು. "ಅಂಕಲ್, ನಾನೂ ಅಲ್ಲೇ ಓದಿದ್ದು, ನೋಡಿ ಹೇಗಿದೀನಿ!" ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಯಾರೋ, "ಎಫ್‌ಎಂಜಿಇ ಎಷ್ಟನೇ ಸಲಕ್ಕೆ ಪಾಸಾಯ್ತಪ್ಪ?" ಎಂದರು. ಅವನು ನಕ್ಕು, ಊಟದ ಕೂಪನ್ ಎಲ್ಲರಿಗೂ ಸಿಕ್ಕಿದೆಯಾ ಎಂದು ವಿಚಾರಿಸಿದ.