ಗುಪ್ತಪಿಸ್ತೂಲಧಾರಣ ಮೀಮಾಂಸೆ: ಸಟೀಕಾ, ಸಭಾಷ್ಯಾ, ಸಹೋಲ್‌ಸ್ಟರಾ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಹೇಳದಿದ್ದರೆ ಹಿರಿಯರು ಮುಂದಕ್ಕೆ ಓದುವುದಿಲ್ಲ, ಹೇಳಿದರೆ ಕಿರಿಯರು ಓದುವುದಿಲ್ಲ. ವಿಷಯ: ಅಮೆರಿಕದ ಗೃಹಸ್ಥನೊಬ್ಬ ಹಾಲು ಮೊಟ್ಟೆ ತರಲು ಅಂಗಡಿಗೆ ಹೋಗುವಾಗ ಯಾರ ಕಣ್ಣಿಗೂ ಬೀಳದಂತೆ ಮೈಮೇಲೆ ಇಟ್ಟುಕೊಳ್ಳತಕ್ಕ ಕಿರುಪಿಸ್ತೂಲನ್ನು ಆರಿಸುವ ಬಗೆ. ಪ್ರಯೋಜನ: ಹಾಲು ಮೊಟ್ಟೆ ಹೇಗೂ ಬರುತ್ತವೆ, ಜೊತೆಗೆ ಧೈರ್ಯ. ಸಂಬಂಧ: ಪಿಸ್ತೂಲಿಗೂ ಪ್ಯಾಂಟಿಗೂ ಇರುವಂಥದ್ದು, ಅದೇ ಈ ಗ್ರಂಥದ ಜೀವಾಳ. ಅಧಿಕಾರಿ: ಬಹುಪಾಲು ಕಡೆ 21 ತುಂಬಿದವನು, ಗಟ್ಟಿ ಬೆಲ್ಟ್ ಇರುವವನು.

ಇದನ್ನು ಬರೆಯಲು ನನಗಿರುವ ಅಧಿಕಾರವೇನೆಂದರೆ, ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಡಲ್ಲಾಸ್ ಹತ್ತಿರದ ಊರಿಗೆ ಹೋಗಿ, ಆ ಮನೆಯಲ್ಲಿ ನನ್ನಿಂದ ಯಾರಿಗೂ ಯಾವ ಕೆಲಸವೂ ಆಗಬೇಕಿಲ್ಲವೆಂದು ಎರಡನೆಯ ದಿನವೇ ಗೊತ್ತಾಗಿ, ಐದೂವರೆ ತಿಂಗಳು ಪಕ್ಕದ ಮನೆಯ ಹಿರಿಯರೊಡನೆ ಬೇಲಿಗೆ ಒರಗಿ ಮಾತಾಡಿದ್ದು. ಅವರೂ ನಿವೃತ್ತರು, ನಾನೂ ನಿವೃತ್ತ. ಅವರಿಗೆ ಪಿಸ್ತೂಲು, ನನಗೆ ಛಂದಸ್ಸು. ಒಂದು ಈಡನ್ನೂ ಹೊಡೆಯದವನು ಈ ಶಾಸ್ತ್ರ ಬರೆಯಬಹುದೇ ಎಂದು ಪೂರ್ವಪಕ್ಷಿ ಕೇಳಿದರೆ ಸಮಾಧಾನ ಇದೆ: ಮೂವತ್ತು ವರ್ಷ ಛಂದಸ್ಸಿನ ಪಾಠ ಹೇಳಿದೆ, ಒಂದೇ ಒಂದು ಕಂದಪದ್ಯ ಕಟ್ಟಿದವನಲ್ಲ. ಸಂಬಳವೇನೂ ನಿಂತಿರಲಿಲ್ಲ.

ಈ ಶಾಸ್ತ್ರಕ್ಕೆ ಸೂತ್ರ ಒಂದೇ: ಹೊರಲು ಹಿತವಾದದ್ದು ಹಾರಿಸಲು ಹಿತವಲ್ಲ. ಸೂತ್ರಕಾರನೂ ಭಾಷ್ಯಕಾರನೂ ನಾನೇ ಆದ್ದರಿಂದ ಪಾಠಾಂತರಗಳ ಕಾಟವಿಲ್ಲ. ಭಾಷ್ಯ ಹೀಗೆ. 2008ರಲ್ಲಿ ಬಂದ ರೂಗರ್ ಎಲ್‌ಸಿಪಿ ಖಾಲಿಯಿದ್ದಾಗ ಸುಮಾರು 266 ಗ್ರಾಂ ತೂಗುತ್ತದೆ. ಪ್ಯಾಂಟಿನ ಜೇಬಿನಲ್ಲಿ ದಪ್ಪ ಪರ್ಸಿನ ಹಾಗೆ ಕೂತಿರುತ್ತದೆ, ಪಾಪದ ಪ್ರಾಣಿ. ಹಾರಿಸಿದಾಗಲೇ ಅದರ ಸ್ವಭಾವ ಗೊತ್ತಾಗುವುದು. ಗುಂಡು ಮುಂದಕ್ಕೆ ಹೋದ ಹಟಕ್ಕೆ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ, ಪಿಸ್ತೂಲು ಹಗುರಾದಷ್ಟೂ ಒದೆತ ಚುರುಕು. ಹಿಡಿ ಎಷ್ಟು ಗಿಡ್ಡವೆಂದರೆ ಎರಡು ಬೆರಳಿಗಷ್ಟೇ ಜಾಗ, ಕಿರುಬೆರಳು ಭರ್ತಿಯಾದ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದವನಂತೆ ಹೊರಗೇ. ಹಿಂದಿನ ಗುರಿಗಂಡಿಗೂ ಮುಂದಿನ ಗುರಿಮೊಳೆಗೂ ನಡುವೆ ಗೇಣು ಅಂತರವೂ ಇಲ್ಲದ್ದರಿಂದ, ಇಲ್ಲಿ ಕೂದಲೆಳೆಯಷ್ಟು ಅದುರಿದ್ದು ಅಲ್ಲಿ ಗೇಣಾಗುತ್ತದೆ. ಇದಕ್ಕೆ ಪ್ರತಿಯಾಗಿ ಗ್ಲಾಕ್ 19. ಅಂಗೈ ತುಂಬುವ ಹಿಡಿ, ಹದಿನೈದು ತೋಟಾ, ಒದೆತವೂ ಸಹ್ಯ. ಆದರೆ ತುಂಬಿದಾಗ ಮುಕ್ಕಾಲು ಕಿಲೋ ದಾಟುತ್ತದೆ. ಮುಕ್ಕಾಲು ಕಿಲೋವನ್ನು ಪಕ್ಕೆಲುಬಿಗೆ ಆನಿಸಿಕೊಂಡು ಸಂಜೆಯವರೆಗೆ ಕುರ್ಚಿಯಲ್ಲಿ ಕೂತವನಿಗೆ ಮೂರನೆಯ ದಿನದ ಹೊತ್ತಿಗೆ ಊರೆಲ್ಲ ಸಾಕಷ್ಟು ಶಾಂತವಾಗಿಯೇ ಇದೆಯಲ್ಲ ಎನ್ನಿಸತೊಡಗುತ್ತದೆ. ಪಿಸ್ತೂಲು ಬೀರು ಸೇರುತ್ತದೆ.

ನಡುವಿನ ದಾರಿಯೆಂದು 2018ರಲ್ಲಿ ಸಿಗ್ ಸೌಯರ್ ಕಂಪನಿ ಪಿ365 ತಂದಿತು. ಅರ್ಧ ಕಿಲೋ ತೂಕ, ಹತ್ತು ತೋಟಾ. ಹೆಸರಿನಲ್ಲಿರುವ ಅಂಕಿ ವರ್ಷದ ದಿನಗಳು, ಅಂದರೆ ದಿನವೂ ತಪ್ಪದೆ ಧರಿಸಬೇಕಾದದ್ದು. ಫೆಬ್ರವರಿ 29ರಂದು ಧಾರಕ ಏನು ಮಾಡಬೇಕೆಂಬುದನ್ನು ಹೆಸರಿಟ್ಟವರು ಯೋಚಿಸಿದಂತಿಲ್ಲ. ನಮ್ಮ ಪಂಚಾಂಗದವರಾಗಿದ್ದರೆ ಅಧಿಕಮಾಸಕ್ಕೂ ವಿಧಿ ಹೇಳಿರುತ್ತಿದ್ದರು.

ಇನ್ನು ಮತಭೇದ. ತೋಟಾದ ವಿಷಯದಲ್ಲಿ ಒಂದು ಪಂಥ 9 ಮಿ.ಮೀ., ಇನ್ನೊಂದು .380. ಎರಡರ ಗುಂಡಿನ ಅಡ್ಡಳತೆಯೂ ಹೆಚ್ಚುಕಡಿಮೆ ಒಂದೇ. ಹಿತ್ತಾಳೆ ಕೋಶದ ಉದ್ದ ಮಾತ್ರ ಒಂದಕ್ಕೆ 19 ಮಿ.ಮೀ., ಇನ್ನೊಂದಕ್ಕೆ 17. ಆ ಎರಡು ಮಿಲಿಮೀಟರಿಗಾಗಿ ಆಡಿದ ಮಾತುಗಳನ್ನೆಲ್ಲ ಅಚ್ಚು ಹಾಕಿಸಿದರೆ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ ತುಂಬೀತು. ಇದು ನನಗೆ ವಿಚಿತ್ರವೆನಿಸಲಿಲ್ಲ, ಎರಡು ಮಾತ್ರೆ ಹೆಚ್ಚಾಯಿತೆಂದು ಸಹೋದ್ಯೋಗಿಯೊಬ್ಬರ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟವನು ನಾನು. ಮೂರನೆಯದು 6.35 ಮಿ.ಮೀ. ಪಂಥ, ಜಾನ್ ಬ್ರೌನಿಂಗ್ ನಡುವಂಗಿಯ ಜೇಬಿಗೆಂದು ರೂಪಿಸಿದ ಪಿಸ್ತೂಲಿನಿಂದ ಹುಟ್ಟಿದ್ದು. ಇದರ ಗುಂಡು ಮೂರು ಗ್ರಾಂ ಚಿಲ್ಲರೆ, ಒಂದು ಸಣ್ಣ ಉಂಗುರದಷ್ಟು. ಹೊಡೆಸಿಕೊಂಡವನಿಗೆ ಸಿಟ್ಟು ಬರಿಸುವ ಅಸ್ತ್ರವೆಂದು ನಮ್ಮ ಪಕ್ಕದ ಮನೆಯವರ ವ್ಯಾಖ್ಯಾನ. ನಾಲ್ಕನೆಯವರು ರಿವಾಲ್ವರಿನ ವೃದ್ಧ ಸಂಪ್ರದಾಯಸ್ಥರು. ಸ್ಮಿತ್ ಅಂಡ್ ವೆಸನ್‌ನವರು 1950ರಲ್ಲಿ ಪೊಲೀಸ್ ಮುಖ್ಯಸ್ಥರ ಸಮ್ಮೇಳನದ ಮುಂದಿಟ್ಟು, ಅವರಿಂದಲೇ ‘ಚೀಫ್ಸ್ ಸ್ಪೆಷಲ್’ ಎಂದು ಹೆಸರಿಡಿಸಿಕೊಂಡ ಕಿರುರಿವಾಲ್ವರಿನ ವಂಶವೇ ಇವರಿಗೆ ಪ್ರಮಾಣ. ತೋಟಾ ಐದೇ. ಐದು ಸಾಲದೆಂದು ಪಿಸ್ತೂಲಿನವರು ಹಂಗಿಸುತ್ತಾರಂತೆ. ಪಾಂಡವರು ಐವರೇ, ನೂರು ಜನ ಇದ್ದವರ ಕಡೆ ಕೊನೆಗೆ ಎಷ್ಟು ಮಂದಿ ಉಳಿದರು ಕೇಳಿ ಎಂದು ಪಕ್ಕದ ಮನೆಯ ಹಿರಿಯರಿಗೆ ನಾನೊಂದು ಯುಕ್ತಿ ಹೇಳಿಕೊಟ್ಟೆ. ಮರುದಿನ ಬಂದು ಕೈ ಕುಲುಕಿದರು. ಭಾರತೀಯ ಜ್ಞಾನಪರಂಪರೆಗೆ ಟೆಕ್ಸಾಸಿನಲ್ಲಿ ಸಂದ ಗೌರವವೆಂದು ಅದನ್ನು ದಾಖಲಿಸುತ್ತಿದ್ದೇನೆ.

ಇತಿಹಾಸವಿಲ್ಲದೆ ಮೀಮಾಂಸೆಯಿಲ್ಲ. ಕಿರುಪಿಸ್ತೂಲಿನ ಆದಿಪುರುಷ ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್. 1865ರ ಏಪ್ರಿಲ್ 14ರ ರಾತ್ರಿ ಲಿಂಕನ್ನರಿಗೆ ಗುಂಡಿಕ್ಕಿದ್ದು ಅವನು ಮಾಡಿದ, ಆರು ಅಂಗುಲಕ್ಕೂ ಕಡಿಮೆ ಉದ್ದದ, ಒಂದೇ ಗುಂಡಿನ ಪಿಸ್ತೂಲು. ಅವನ ಹೆಸರಿನ ನಡುವೆ ‘ರ’ಕಾರ ಒಂದೇ, ಲೋಕ ಇನ್ನೊಂದನ್ನು ಸೇರಿಸಿ ದ್ವಿತ್ವ ಮಾಡಿ, ಅಂಥ ಎಲ್ಲ ಪಿಸ್ತೂಲಿಗೂ ಅದನ್ನೇ ಸಾಮಾನ್ಯನಾಮವಾಗಿಸಿತು. ಅಂಕಿತನಾಮ ರೂಢನಾಮವಾಗುವಾಗ ಒತ್ತು ಬೀಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಪಾಠ ಹೇಳುವ ಕಾಲದಲ್ಲಿ ಸಿಗಲಿಲ್ಲವಲ್ಲ ಎಂಬ ಕೊರಗಿದೆ. ಅಂದಿನ ಸ್ಮೃತಿಕಾರರು ಬಚ್ಚಿಟ್ಟ ಆಯುಧಕ್ಕೆ ವಿರೋಧಿಗಳು. ಎದೆಗಾರಿಕೆಯಿದ್ದವನು ತೋರಿಸಿಕೊಂಡು ತಿರುಗುತ್ತಾನೆ, ಬಚ್ಚಿಡುವವನು ಕೊಲೆಗಡುಕ ಎಂಬುದು ವಾದ. ಕೆಂಟಕಿ, ಲೂಸಿಯಾನಾ ರಾಜ್ಯಗಳು 1813ರಲ್ಲೇ ಗುಪ್ತಧಾರಣೆಯನ್ನು ಕಾನೂನಿನಿಂದ ನಿಷೇಧಿಸಿದವು. ಅದೇ ಕೆಂಟಕಿ 2019ರಲ್ಲಿ, ಅದೇ ಲೂಸಿಯಾನಾ 2024ರ ಜುಲೈ 4ರಿಂದ, ಪರವಾನಗಿಯೂ ಬೇಡ, ಬಚ್ಚಿಟ್ಟುಕೊಳ್ಳಿ ಎಂದವು. 2024ರ ಹೊತ್ತಿಗೆ ಇಂಥ ರಾಜ್ಯಗಳು 29. ಎರಡು ಶತಮಾನದಲ್ಲಿ ಸ್ಮೃತಿ ತಲೆಕೆಳಗಾಯಿತು, ಪ್ಯಾಂಟು ಮಾತ್ರ ಇದ್ದಲ್ಲೇ ಇದೆ.

ಜೇಮ್ಸ್ ಬಾಂಡನ ಪ್ರಕರಣವನ್ನು ಬಿಡುವಂತಿಲ್ಲ. ಇಯಾನ್ ಫ್ಲೆಮಿಂಗ್ ತನ್ನ ನಾಯಕನ ಕೈಗೆ .25ರ, ಎಂದರೆ ಮೇಲೆ ಹೇಳಿದ 6.35 ಮಿ.ಮೀ. ಪಂಥದ, ಬೆರೆಟ್ಟಾ ಕೊಟ್ಟಿದ್ದ. 1956ರಲ್ಲಿ ಜೆಫ್ರಿ ಬೂತ್‌ರಾಯ್ಡ್ ಎಂಬ ಓದುಗ, ಅದು ಹೆಂಗಸರ ಪಿಸ್ತೂಲಯ್ಯಾ ಎಂದು ಆಕ್ಷೇಪಿಸಿ ಪತ್ರ ಬರೆದ. ನಮ್ಮ ಲೇಖಕರಾಗಿದ್ದರೆ ಪ್ರತ್ಯುತ್ತರವಾಗಿ ಒಂದು ಲೇಖನಮಾಲೆ ಬರೆಯುತ್ತಿದ್ದರು. ಫ್ಲೆಮಿಂಗ್ ಒಪ್ಪಿಕೊಂಡ. 1958ರ ಕಾದಂಬರಿ ‘ಡಾಕ್ಟರ್ ನೋ’ದಲ್ಲಿ ಬಾಂಡನಿಗೆ ವಾಲ್ಥರ್ ಪಿಪಿಕೆ ಬಂತು, ಅದನ್ನು ಕೊಡಿಸುವ ಶಸ್ತ್ರತಜ್ಞನಿಗೆ ಬೂತ್‌ರಾಯ್ಡ್ ಎಂದೇ ಹೆಸರು ಬಂತು. ಆದರೆ 1968ರಲ್ಲಿ ಅಮೆರಿಕ ಆಮದು ಪಿಸ್ತೂಲುಗಳಿಗೆ ಉದ್ದ, ತೂಕ ಇತ್ಯಾದಿಗೆ ಅಂಕ ಕೊಡುವ ಪರೀಕ್ಷೆಯಿಟ್ಟಾಗ, ತೀರ ಚಿಕ್ಕದೆಂಬ ಕಾರಣಕ್ಕೆ ಆ ಪಿಪಿಕೆ ಒಂದೇ ಒಂದು ಅಂಕದಿಂದ ಫೇಲಾಯಿತು. ಗ್ರೇಸ್ ಮಾರ್ಕ್ಸ್ ಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಕಂಪನಿಯವರು ಅದರ ಅಣ್ಣನಾದ ಪಿಪಿಯ ದೊಡ್ಡ ಒಡಲಿಗೆ ತಮ್ಮನ ನಳಿಗೆ ಜೋಡಿಸಿ, ಒಂದಿಷ್ಟು ತೂಕ ಏರಿಸಿ, ಪಿಪಿಕೆ/ಎಸ್ ಎಂದು ಪೂರಕ ಪರೀಕ್ಷೆಗೆ ಕೂರಿಸಿದರು. ಪಾಸಾಯಿತು. ಬಚ್ಚಿಡುವುದಕ್ಕೆಂದೇ ಹುಟ್ಟಿದ ಪಿಸ್ತೂಲನ್ನು ಬಚ್ಚಿಡಲು ಇನ್ನಷ್ಟು ಕಷ್ಟವಾಗುವಂತೆ ಮಾಡಿದ್ದು ಆಡಳಿತದ ಇತಿಹಾಸದಲ್ಲಿ ಗಮನಾರ್ಹ.

ಈಗ ವಸ್ತ್ರಪ್ರಕರಣ. ಒಳಗಿನ ಆಯುಧದ ಆಕಾರ ಅಂಗಿಯ ಮೇಲೆ ಮೂಡಿ ಕಾಣುವುದಕ್ಕೆ ಈ ಶಾಸ್ತ್ರದವರ ಪರಿಭಾಷೆ ‘ಪ್ರಿಂಟಿಂಗ್’. ಕನ್ನಡ ಲೇಖಕನಿಗೆ ಅಚ್ಚಾಗುವುದೇ ಮೋಕ್ಷ, ಇವರಿಗೆ ಅಚ್ಚಾಗುವುದೇ ಮಹಾಪಾಪ. ಅದರ ಪರಿಹಾರಕ್ಕೆ ಸೊಂಟದಳತೆಯಲ್ಲಿ ಎರಡಂಗುಲ ಹೆಚ್ಚಿನ ಪ್ಯಾಂಟು, ಇನ್‌ಶರ್ಟ್ ಮಾಡದ ಅಂಗಿ, ಅದರ ಮೇಲೆ ಹೂಬಳ್ಳಿಯ ಚಿತ್ತಾರ. ಟೆಕ್ಸಾಸಿನ ಬಿಸಿಲಿನಲ್ಲಿ ಕೋಟು ತೊಟ್ಟವನನ್ನು ಕಂಡರೆ ನನಗೆ ಮದುಮಗನ ನೆನಪಾಗುತ್ತಿತ್ತು, ಪಕ್ಕದ ಮನೆಯವರಿಗೆ ಬೇರೇನೋ. ಹೊಕ್ಕುಳ ಕೆಳಗೋ, ಬಲಪಕ್ಕೆಗೋ, ಕಣಕಾಲಿಗೋ, ಜೇಬಿಗೋ ಎಂಬ ಸ್ಥಾನನಿರ್ಣಯದಲ್ಲಿ ಒಮ್ಮತವಿಲ್ಲ. ಅನುಭವಿಗಳ ಮನೆಯಲ್ಲೆಲ್ಲ ಒಂದು ಪೆಟ್ಟಿಗೆ ಇರುತ್ತದಂತೆ, ಅದರ ತುಂಬ ಕೊಂಡು, ಕಟ್ಟಿ, ಒತ್ತಿ, ತರಚಿ, ಬಿಸುಟ ಹೋಲ್‌ಸ್ಟರುಗಳು, ಎಂದರೆ ಪಿಸ್ತೂಲಿನ ಒರೆಗಳು. ನಮ್ಮ ಮನೆಯ ಮಂಡಿನೋವಿನ ಎಣ್ಣೆ ಬಾಟಲಿಗಳ ಕಪಾಟನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೋಲ್‌ಸ್ಟರೇ ಬೇಡವೆಂಬ ನಾಸ್ತಿಕರಿಗೆ ದೃಷ್ಟಾಂತ: 2008ರ ನವೆಂಬರಿನಲ್ಲಿ ಅಮೆರಿಕನ್ ಫುಟ್‌ಬಾಲ್ ತಾರೆ ಪ್ಲಾಕ್ಸಿಕೊ ಬರೆಸ್ ಪಿಸ್ತೂಲನ್ನು ಹಾಗೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡು ನ್ಯೂಯಾರ್ಕಿನ ನೈಟ್‌ಕ್ಲಬ್ಬಿಗೆ ಹೋದರು. ಅದು ಜಾರಿತು, ಹಾರಿತು, ಅವರದೇ ತೊಡೆಗೆ ಹೊಕ್ಕಿತು. ಪರವಾನಗಿಯಿಲ್ಲದ ಪಿಸ್ತೂಲಾದ್ದರಿಂದ ಎರಡು ವರ್ಷದ ಜೈಲು.

ಇಷ್ಟೆಲ್ಲ ಮುಚ್ಚಿದರೂ ಕೈ ಸುಮ್ಮನಿರುವುದಿಲ್ಲ. “ರೀ, ಪಕ್ಕದ ಮನೆಯವರು ಮಾತಾಡ್ತಾ ಮಾತಾಡ್ತಾ ಸೊಂಟ ಮುಟ್ಟಿ ಮುಟ್ಟಿ ನೋಡ್ಕೋತಾರಲ್ಲ, ಪಾಪ, ನರ ಹಿಡ್ಕೊಂಡಿದೆಯಾ?” ಎಂದು ನನ್ನವಳು ಕೇಳಿದ್ದಳು. ನಾನು ಉತ್ತರಿಸುವುದರೊಳಗೆ ಊರಿನಿಂದ ತಂದ ಎಣ್ಣೆಯ ಒಂದು ಬಾಟಲಿ ಬೇಲಿ ದಾಟಿತ್ತು.

ದೇಶಪ್ರಕರಣ ಚಿಕ್ಕದು. ಟೆಕ್ಸಾಸಿನಲ್ಲಿ ಗುಪ್ತಧಾರಣೆ ಬೇಡವೆನ್ನುವ ಅಂಗಡಿಯವನು ದಂಡಸಂಹಿತೆಯ 30.06ನೇ ಕಲಮಿನ ಒಕ್ಕಣೆಯನ್ನು ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ, ಒಂದಂಗುಲಕ್ಕೆ ಕಡಿಮೆಯಿಲ್ಲದ ಅಕ್ಷರದಲ್ಲಿ ಬಾಗಿಲಿಗೆ ಹಾಕಬೇಕು. ಕನ್ನಡ ನಾಮಫಲಕಕ್ಕೆ ಇಷ್ಟು ಖಡಕ್ ಅಳತೆಯನ್ನು ಯಾರಾದರೂ ಪಾಲಿಸಿದ್ದು ನಾನು ಕಂಡಿಲ್ಲ. ಆದಾಯದ ನೂರಕ್ಕೆ 51ರಷ್ಟಾದರೂ ಮದ್ಯದಿಂದ ಬರುವ ಕಡೆ ಕೆಂಪಗೆ ‘51%’ ಎಂದು ಬರೆದಿರುತ್ತದೆ, ಅಲ್ಲಿಗೆ ಪಿಸ್ತೂಲು ಒಯ್ಯುವಂತಿಲ್ಲ. ಐವತ್ತರಲ್ಲಿ ವಿವೇಕವಿದ್ದು ಐವತ್ತೊಂದರಲ್ಲಿ ಹೋಗುತ್ತದೆಂಬುದು ಶಾಸನದ ತಾತ್ಪರ್ಯ.

ನಮ್ಮಲ್ಲಿ ಈ ಶಾಸ್ತ್ರ ಬೆಳೆಯಲಿಲ್ಲ. 9 ಮಿ.ಮೀ. ಇಲ್ಲಿ ಸಾಮಾನ್ಯರಿಗೆ ನಿಷಿದ್ಧ ಬೋರು. 2014ರಲ್ಲಿ ಕಾನ್ಪುರದ ಸರಕಾರಿ ಶಸ್ತ್ರ ಕಾರ್ಖಾನೆ ಹೆಂಗಸರ ರಕ್ಷಣೆಗೆಂದು ‘ನಿರ್ಭೀಕ್’ ಎಂಬ ಅರ್ಧ ಕಿಲೋ ತೂಕದ .32 ರಿವಾಲ್ವರನ್ನು ಒಡವೆ ಪೆಟ್ಟಿಗೆಯಂಥದರಲ್ಲಿಟ್ಟು, 1.22 ಲಕ್ಷ ರೂಪಾಯಿಗೆ ಮಾರಾಟಕ್ಕೆ ತಂದಿತು. ಆ ಬೆಲೆಗೆ ಪೆಟ್ಟಿಗೆಯಲ್ಲಿ ಒಡವೆಯೇ ಇರಲಿ ಎಂದವರೇ ಹೆಚ್ಚಿರಬೇಕು. ಕೊಡಗಿನವರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, ಬಚ್ಚಿಡುವ ಬುದ್ಧಿ ಮಾತ್ರ ಇಲ್ಲ. ಕುಪ್ಯಚೇಲೆ ಉಟ್ಟು ಸೊಂಟದ ಮುಂದೆಯೇ ಪೀಚೆಕತ್ತಿ ಸಿಕ್ಕಿಸುವವರು, ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ನಡುಮನೆಯಲ್ಲಿಟ್ಟು ಪೂಜಿಸುವವರು, ಗಂಡು ಹುಟ್ಟಿದರೆ ಒಂದು ಈಡು, ಯಾರಾದರೂ ತೀರಿಕೊಂಡರೆ ಎರಡು ಈಡು ಹೊಡೆದು ಊರಿಗೆಲ್ಲ ತಿಳಿಸುವವರು. ಅವರ ಮುಂದೆ ಈ ಮೀಮಾಂಸೆ ಓದಿದರೆ ಬಚ್ಚಿಡುವುದಾದರೆ ಇಟ್ಟುಕೊಳ್ಳುವುದೇಕೆ ಎಂದಾರು.

ಸಿದ್ಧಾಂತಕ್ಕೆ ಬರೋಣ. ಧರಿಸಿದ್ದೇನೆಂಬುದೇ ಮರೆತುಹೋಗುವಷ್ಟು ಹಗುರವಾದ ಪಿಸ್ತೂಲೇ ಉತ್ತಮೋತ್ತಮ. ಈ ಸಿದ್ಧಿ ಎಷ್ಟು ಜನಕ್ಕೆ ಲಭಿಸಿದೆಯೆಂಬುದಕ್ಕೆ ಲೆಕ್ಕವೂ ಸಿಗುತ್ತದೆ. 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಪ್ರಯಾಣಿಕರ ಕೈಚೀಲಗಳಲ್ಲಿ ಸಿಕ್ಕ ಬಂದೂಕು, ಪಿಸ್ತೂಲುಗಳು 6,737. ನೂರಕ್ಕೆ 93ರಲ್ಲಿ ತೋಟಾ ತುಂಬಿತ್ತು. ದಂಡ ಆಗ ಹದಿನೈದು ಸಾವಿರ ಡಾಲರಿನ ಹತ್ತಿರಕ್ಕೂ ಹೋಗಬಹುದಾಗಿತ್ತು. ಸಿಕ್ಕಿಬಿದ್ದವರು ಸಾಮಾನ್ಯವಾಗಿ ಹೇಳುವ ಮಾತು, ಚೀಲದಲ್ಲಿತ್ತೆಂಬುದು ಮರೆತೇಹೋಗಿತ್ತು ಎಂದು.

ನಾವು ಊರಿಗೆ ಹೊರಟ ದಿನ ತಪಾಸಣೆಯ ಸಾಲಿನಲ್ಲಿ ಈ ಅಂಕಿಯನ್ನೇ ನನ್ನವಳಿಗೆ ವಿವರಿಸುತ್ತಿದ್ದೆ. ಅಷ್ಟರಲ್ಲಿ ಪೆಟ್ಟಿಗೆ ಸಾಗಿಸುವ ಪಟ್ಟಿ ನಿಂತಿತು. ಸಮವಸ್ತ್ರದ ಹುಡುಗಿಯೊಬ್ಬಳು ನಮ್ಮ ತಟ್ಟೆಯನ್ನು ಪಕ್ಕಕ್ಕೆ ಎಳೆದು, ಕೈಗವಸು ಹಾಕಿಕೊಂಡು, ಎಲೆಯಡಿಕೆ ಸಂಚಿಯ ದಾರ ಬಿಚ್ಚಿ, ಒಳಗಿನಿಂದ ನಮ್ಮತ್ತೆಯ ಕಾಲದ ಅಡಕತ್ತರಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಇನ್ನೂ ಇಬ್ಬರು ಬಂದು ನೋಡಿದರು. ಒಬ್ಬ ಅದನ್ನು ತೆರೆದು ಮುಚ್ಚಿ, ಇದು ಯಾವ ಕೆಲಸಕ್ಕೆಂದು ನನ್ನನ್ನು ಕೇಳಿದ. ನಾನು ನನ್ನವಳ ಕಡೆ ತಿರುಗಿದೆ. ನಲವತ್ತು ವರ್ಷದಿಂದ ದಿನವೂ ಸೊಂಟದಲ್ಲಿರುತ್ತಿದ್ದ ಸಂಚಿಯ ಜಾಗವನ್ನು ಆಗಲೇ ಅವಳು ಒಮ್ಮೆ ಮುಟ್ಟಿ ನೋಡಿಕೊಂಡಿದ್ದಳು.

“ಅಯ್ಯೋ,” ಎಂದಳು, “ಮರೆತೇಹೋಗಿತ್ತು.”