ಆರ್ದ್ರಭಿತ್ತಿ ಮೀಮಾಂಸೆ: ಇಂಗ್ಲೆಂಡಿನಲ್ಲಿ ಮೊದಲ ಮನೆ ಕೊಳ್ಳುವವರಿಗಾಗಿ ಸರ್ವೇ ವರದಿಯ ಭಾಷ್ಯ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕು. ಹೇಳದಿದ್ದರೆ ಪಂಡಿತರು ಓದುವುದಿಲ್ಲ. ಹೇಳಿದರೆ ಮಿಕ್ಕವರು ಓದುವುದಿಲ್ಲ. ಇಲ್ಲಿ ವಿಷಯವೆಂದರೆ ಇಂಗ್ಲೆಂಡಿನ ಹಳೆಯ ಮನೆಯೊಂದರ ಸರ್ವೇ ವರದಿ. ಅಧಿಕಾರಿಗಳು ಯಾರೆಂದರೆ, ರೆಡಿಂಗಿನಲ್ಲೋ ಮಿಲ್ಟನ್ ಕೀನ್ಸ್‌ನಲ್ಲೋ ಬಾಡಿಗೆ ಕಟ್ಟಿ ಕಟ್ಟಿ ಬೇಸತ್ತು, ಬ್ಯಾಂಕಿನಿಂದ ಸಾಲದ ಭರವಸೆ ಪಡೆದು, ವಿಕ್ಟೋರಿಯಾ ರಾಣಿಯ ಕಾಲದ ಇಟ್ಟಿಗೆ ಮನೆಯೊಂದಕ್ಕೆ ಮನಸೋತ ಕನ್ನಡಿಗ ದಂಪತಿ. ಪ್ರಯೋಜನ, ರಾತ್ರಿಯ ನಿದ್ದೆ. ಇನ್ನು ಸಂಬಂಧವೆಂದರೆ ಸಂಬಂಧಿಕರೇ; ವಿಶೇಷವಾಗಿ, ಮೈಸೂರಿನಿಂದ ವಿಡಿಯೋ ಕರೆ ಮಾಡಿ “ಅದೆಲ್ಲ ಇರಲಿ ಅಳಿಯಂದಿರೇ, ಬಾಗಿಲು ಯಾವ ದಿಕ್ಕಿಗಿದೆ?” ಎಂದು ಕೇಳುವ ಮಾವನವರು.

ಈ ಶಾಸ್ತ್ರದ ಪೀಠ ಲಂಡನ್ನಿನಲ್ಲಿದೆ. 1868ರಲ್ಲಿ ಹುಟ್ಟಿದ ಆ ಸಂಸ್ಥೆಯ ಹೆಸರು ರಾಯಲ್ ಇನ್‌ಸ್ಟಿಟ್ಯೂಷನ್ ಆಫ್ ಚಾರ್ಟರ್ಡ್ ಸರ್ವೇಯರ್ಸ್. ಭಕ್ತರ ಬಾಯಲ್ಲಿ ಆರ್‌ಐಸಿಎಸ್. 2021ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಅದರ ಸಂಹಿತೆ ಸರ್ವೇಯನ್ನು ಮೂರು ಹಂತವಾಗಿ ವಿಂಗಡಿಸಿದೆ. ಲೆವೆಲ್ ಒಂದು ಹೊಸ, ಸರಳ ಮನೆಗಳಿಗೆ. ಲೆವೆಲ್ ಎರಡು ನಡುವಯಸ್ಸಿನ, ಸಾಧಾರಣ ಮನೆಗಳಿಗೆ. ಹಳೆಯವು, ಒಡೆದು ಕಟ್ಟಿದವು, ಹಿಂದೆ ಇದ್ದವರ ಕೈಚಳಕಕ್ಕೆ ಗುರಿಯಾದವು ಇವೆಲ್ಲಕ್ಕೂ ಲೆವೆಲ್ ಮೂರು. ಸಾಲ ಕೊಡುವ ಬ್ಯಾಂಕು ಮಾಡಿಸುವ ವ್ಯಾಲ್ಯುಯೇಷನ್ ಈ ಮೂರರಲ್ಲಿ ಯಾವುದೂ ಅಲ್ಲ. ಅದು ಬ್ಯಾಂಕಿನ ಹಣದ ಕ್ಷೇಮಕ್ಕೆ ಹೊರತು ನಿಮ್ಮ ಮಾಡಿನ ಕ್ಷೇಮಕ್ಕಲ್ಲ. “ಬ್ಯಾಂಕಿನವರು ನೋಡಿದಾರಲ್ಲ, ಸಾಕು” ಎನ್ನುವವರನ್ನು ಈ ಗ್ರಂಥ ಆರಂಭದಲ್ಲೇ ಅನಧಿಕಾರಿಗಳೆಂದು ಹೊರಗಿಡುತ್ತದೆ. ಸ್ಕಾಟ್ಲೆಂಡಿನಲ್ಲಿ 2008ರ ಡಿಸೆಂಬರ್‌ನಿಂದ ಮನೆ ಮಾರುವವರೇ ಹೋಮ್ ರಿಪೋರ್ಟ್ ಮಾಡಿಸಿ ತೋರಿಸಬೇಕು. ಇಂಗ್ಲೆಂಡಿನಲ್ಲಿ ದುಡ್ಡು ಕೊಟ್ಟು ಹೆದರುವ ಭಾಗ್ಯ ಇಂದಿಗೂ ಕೊಳ್ಳುವವರದೇ.

ಈಗ ಪ್ರಮಾಣ ವಿಚಾರ. ಸರ್ವೇಯರು ಮುಖ್ಯವಾಗಿ ಪ್ರತ್ಯಕ್ಷವಾದಿ. ಆದರೆ ಅವರ ಪ್ರತ್ಯಕ್ಷಕ್ಕೆ ಕಠಿಣ ವ್ರತನಿಯಮಗಳಿವೆ. ಹಾಸಿದ ಕಾರ್ಪೆಟ್ಟನ್ನು ಅವರು ಎತ್ತಿ ನೋಡುವುದಿಲ್ಲ. ಭಾರದ ಬೀರು ಸರಿಸುವುದಿಲ್ಲ. ನೆಲದಿಂದ ಮೂರು ಮೀಟರಿಗಿಂತ ಮೇಲೆ ಏಣಿ ಹಾಕುವುದಿಲ್ಲ. ಅದರಾಚೆಯ ಹೆಂಚನ್ನು ಬೀದಿಯಲ್ಲಿ ನಿಂತು ದುರ್ಬೀನಿನಲ್ಲಿ ದರ್ಶನ ಮಾಡುತ್ತಾರೆ. ಕಾಣದೆ ಉಳಿದದ್ದಕ್ಕೆಲ್ಲ ವರದಿಯಲ್ಲಿ ಎನ್‌ಐ, ಅಂದರೆ ಪರಿಶೀಲಿಸಿಲ್ಲ, ಎಂಬ ಮುದ್ರೆ ಬೀಳುತ್ತದೆ. ನಮ್ಮ ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಒಪ್ಪಿದವರು: ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂಬ ಜ್ಞಾನ ಹುಟ್ಟುತ್ತದೆ. ಆಂಗ್ಲ ಸರ್ವೇಯರು ಅವರನ್ನೂ ಮೀರಿದ್ದಾರೆ. ಗಡಿಗೆ ಇದೆ ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ. ನೆಲದ ಮೇಲೆ ಕಾರ್ಪೆಟ್ ಇತ್ತು ಎನ್ನುತ್ತಾರೆ.

ಕಂಡದ್ದಕ್ಕೆ ಮೂರು ಬಣ್ಣ, ಮೂರು ಅಂಕೆ. ಹಸಿರು ಒಂದು, ಸದ್ಯಕ್ಕೆ ರಿಪೇರಿ ಬೇಡ. ಹಳದಿ ಎರಡು, ರಿಪೇರಿ ಬೇಕು, ಆದರೆ ಗಂಭೀರವಲ್ಲ, ಅವಸರವೂ ಇಲ್ಲ. ಕೆಂಪು ಮೂರು, ದೋಷ ಗಂಭೀರ. ತುರ್ತಾಗಿ ಸರಿಪಡಿಸಬೇಕು ಅಥವಾ ತಜ್ಞರಿಂದ ಪರೀಕ್ಷಿಸಬೇಕು. ಸತ್ತ್ವ ರಜ ತಮ ಎಂದು ಇವನ್ನು ಹೊಂದಿಸಿ ಓದುವ ಪದ್ಧತಿ ಒಂದಿದೆ. ಅದು ತಪ್ಪು ದಾರಿ ಎಂದು ನನ್ನ ಮತ. ಏಕೆಂದರೆ ಕೆಂಪಿನಲ್ಲೇ ಎರಡು ಜಾತಿ. ಅಟ್ಟದ ತೊಲೆ ಕುಂಬಾಗಿದೆ ಎಂಬುದು ಒಂದು ಕೆಂಪು. ವಿದ್ಯುತ್ ವೈರಿಂಗನ್ನು ಇತ್ತೀಚೆಗೆ ಪರೀಕ್ಷಿಸಿದ ಪತ್ರ ಸಿಗಲಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಮನೆಯ ರೋಗ, ಎರಡನೆಯದು ಕಾಗದದ ಕೊರತೆ. ಎಲೆಕ್ಟ್ರಿಷಿಯನ್ ಬಂದು ಪರೀಕ್ಷಿಸಿ ಪತ್ರ ಬರೆದುಕೊಟ್ಟರೆ ಎಷ್ಟೋ ಸಲ ಅಲ್ಲಿಗೇ ಶಮನವಾಗುತ್ತದೆ. ಎರಡಕ್ಕೂ ಬಳಿಯುವ ಬಣ್ಣ ಮಾತ್ರ ಒಂದೇ. ಮೊದಲ ಸಲ ಕೊಳ್ಳುವವರು ಸಂಜೆ ಊಟ ಬಿಟ್ಟು ಮೊಬೈಲಿನಲ್ಲಿ ಪಿಡಿಎಫ್ ಓದುವಾಗ ಕಣ್ಣಿಗೆ ಬೀಳುವುದೂ ಬಣ್ಣವೊಂದೇ.

ಆದ್ದರಿಂದ ಮೀಮಾಂಸಕರ ಹಳೆಯ ಸೂಕ್ಷ್ಮವನ್ನು ಇಲ್ಲಿ ಆಶ್ರಯಿಸಲೇಬೇಕು. ವೇದದ ಎಲ್ಲ ವಾಕ್ಯವೂ ಆಜ್ಞೆಯಲ್ಲ. ಕೆಲವು ವಿಧಿ, ಕೆಲವು ಅರ್ಥವಾದ, ಅಂದರೆ ಸ್ತುತಿ, ನಿಂದೆ, ಕಥೆ. ಸರ್ವೇ ವರದಿಯೂ ಹಾಗೆಯೇ. “ಈ ಕಾಲದ ಮನೆಗಳಲ್ಲಿ ಸೀಸದ ಕೊಳವೆ ಇರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು” ಎಂಬುದು ಅರ್ಥವಾದ. “ಹಿಂಬದಿಯ ಚಿಮಣಿ ವಾಲಿದೆ, ಕೊಳ್ಳುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರರಿಂದ ತಪಾಸಣೆ ಮಾಡಿಸಿ” ಎಂಬುದು ವಿಧಿ. ಪೆನ್ಸಿಲ್ ಹಿಡಿದು ಅರ್ಥವಾದಗಳನ್ನೆಲ್ಲ ಹೊಡೆಯುತ್ತ ಹೋದರೆ ದಪ್ಪ ವರದಿ ಒಂದೂವರೆ ಪುಟಕ್ಕೆ ಇಳಿಯುವುದೂ ಉಂಟು. ಆ ಒಂದೂವರೆ ಪುಟವೇ ನೀವು ದುಡ್ಡು ಕೊಟ್ಟು ಕೊಂಡ ಗ್ರಂಥ.

ಉಳಿದ ಪುಟಗಳು ಏಕೆ ಹುಟ್ಟಿದವು? ಇದಕ್ಕೆ ಐತಿಹ್ಯವೊಂದುಂಟು. ನಾರ್ವಿಚ್ ನಗರದ ಒಂದು ಮನೆಯಲ್ಲಿ ಹಿಂದೆ ಯಾರೋ ಕೊಠಡಿ ಅಗಲವಾಗಲೆಂದು ಚಿಮಣಿಯ ಕೆಳಭಾಗವನ್ನು ಒಡೆದು ತೆಗೆದಿದ್ದರು. ವ್ಯಾಲ್ಯುಯರು ಅದನ್ನು ಕಂಡರು; ಮೇಲುಳಿದ ಭಾಗಕ್ಕೆ ಆಸರೆ ಇದೆಯೇ ಎಂದು ಕತ್ತೆತ್ತಿ ನೋಡಲಿಲ್ಲ. ಕೊಂಡ ಸುಮಾರು ಒಂದೂವರೆ ವರ್ಷಕ್ಕೆ ಇಟ್ಟಿಗೆಗಳು ಅಟ್ಟ ಸೀಳಿಕೊಂಡು ಮಲಗುವ ಕೋಣೆಗೆ ಇಳಿದವು. “ಹೊಣೆ ನಮ್ಮದಲ್ಲ” ಎಂಬ ಷರಾ ಇತ್ತಲ್ಲ ಎಂದು ವಾದ ನಡೆಯಿತು. 1989ರಲ್ಲಿ ಹೌಸ್ ಆಫ್ ಲಾರ್ಡ್ಸ್, ಸಾಮಾನ್ಯ ಮನೆ ಕೊಳ್ಳುವವರ ಎದುರು ಇಂಥ ಷರಾ ನ್ಯಾಯಸಮ್ಮತವಲ್ಲ, ಹೊಣೆ ಉಂಟು ಎಂದು ತೀರ್ಪಿತ್ತಿತು. ಷರಾದಿಂದ ಪಾರಾಗಲಾಗದಿದ್ದರೆ ಎಚ್ಚರಿಕೆಯಿಂದ ಪಾರಾಗಬೇಕು ತಾನೆ? ಕಂಡದ್ದು, ಕಾಣದ್ದು, ಕಂಡಿರಬಹುದಾದದ್ದು ಎಲ್ಲವನ್ನೂ ಬರೆದಿಡುವ ಶೈಲಿ ಈ ಭಯದ ಸಂತಾನವೆಂದು ನನ್ನ ಊಹೆ. ವರದಿ ಓದಿ ನೀವೊಬ್ಬರೇ ನಡುಗುತ್ತಿಲ್ಲ. ಬರೆದವರೂ ನಡುಗುತ್ತಲೇ ಬರೆದಿದ್ದಾರೆ.

ಈಗ ಗ್ರಂಥದ ಹೃದಯಭಾಗ, ಆರ್ದ್ರಪ್ರಕರಣ. ಇಂಗ್ಲೆಂಡಿನಲ್ಲಿ ತೇವದ ಉಲ್ಲೇಖವಿಲ್ಲದ ಹಳೆಮನೆಯ ವರದಿ ನನ್ನ ಕಣ್ಣಿಗೆ ಬಿದ್ದಿಲ್ಲ. ಇಲ್ಲಿ ಎರಡು ದರ್ಶನಗಳು. ಊರ್ಧ್ವಾರ್ದ್ರವಾದಿಗಳು ನೆಲದ ನೀರು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರುತ್ತದೆ, ಗೋಡೆಗೆ ರಾಸಾಯನಿಕ ಚುಚ್ಚುಮದ್ದು ಕೊಡಬೇಕು ಎನ್ನುತ್ತಾರೆ. ಮದ್ದು ಮಾರುವ ಕಂಪನಿಗಳೇ ಪುಕ್ಕಟೆ ತಪಾಸಣೆಗೆ ಬರುವುದು ಈ ದರ್ಶನಕ್ಕೆ ದೊಡ್ಡ ಬಲ. ಪ್ರತಿವಾದಿಗಳು ತೇವ ಅಳೆಯುವ ಮಾಪಕದ ಪ್ರಾಮಾಣ್ಯವನ್ನೇ ಪ್ರಶ್ನಿಸುತ್ತಾರೆ: ಎರಡು ಮುಳ್ಳಿನ ಆ ಯಂತ್ರ ಮರಕ್ಕೆಂದು ಹೊಂದಿಸಿದ್ದು, ಗೋಡೆಯ ಗಿಲಾಯಿಯಲ್ಲಿ ಉಪ್ಪಿದ್ದರೂ ಕೂಗುತ್ತದೆ, ಹೊಗೆ ಕಂಡಲ್ಲೆಲ್ಲ ಬೆಂಕಿಯಿಲ್ಲ. ಸಿದ್ಧಾಂತವೇನೆಂದರೆ, ಮದ್ದಿಗೆ ಮೊದಲು ಮನೆಯ ಹೊರಗೆ ಒಂದು ಸುತ್ತು ಬನ್ನಿ. ಮಳೆದೋಣಿ ಸೋರುತ್ತಿದೆಯೇ? ಗೋಡೆಯೊಳಗಿನ ತೇವ ತಡೆಯುವ ಪದರ ಹೊರಗಿನ ನೆಲಕ್ಕಿಂತ 150 ಮಿಲಿಮೀಟರ್ ಮೇಲಿರಬೇಕು. ಯಾರಾದರೂ ಹೂವಿನ ಪಾತಿಯ ಮಣ್ಣನ್ನು ಅದರ ಮೇಲೆ ಒಟ್ಟಿದ್ದಾರೆಯೇ? ಸುಣ್ಣದ ಗಾರೆಯ ಹಳೆ ಗೋಡೆಗೆ ಸಿಮೆಂಟು ಮೆತ್ತಿ ಉಸಿರು ಕಟ್ಟಿಸಿದ್ದಾರೆಯೇ? ಮೂರಕ್ಕೂ ಇಲ್ಲವೆಂದಾದರೆ ಮದ್ದು ಮಾರದ, ಸ್ವತಂತ್ರ ತಜ್ಞರನ್ನು ಕರೆಸಬಹುದು.

ಇಲ್ಲೊಂದು ಉಪಪ್ರಕರಣ ಕನ್ನಡಿಗರಿಗೇ ಮೀಸಲು. ಕೋಣೆಯ ಮೂಲೆಯ ಕಪ್ಪು ಬೂಷ್ಟು ಬಹುಪಾಲು ಒಳಗಿನ ಆವಿ ತಣ್ಣನೆ ಗೋಡೆಗೆ ತಾಗಿ ನೀರಾದದ್ದರ ಫಲ. ಜನವರಿಯಲ್ಲಿ ಕಿಟಕಿ ಬಿಗಿದು, ಒಲೆಯ ಮೇಲೆ ಇಡ್ಲಿ ಪಾತ್ರೆ, ಪಕ್ಕದಲ್ಲಿ ಕುದಿಯುವ ಸಾರು, ರೇಡಿಯೇಟರಿನ ಮೇಲೆ ಒದ್ದೆ ಪಂಚೆ ಇಟ್ಟುಕೊಂಡು “ಈ ಮನೆಯಲ್ಲಿ ತೇವ ಜಾಸ್ತಿ” ಎನ್ನುವವರಿಗೆ ಯಾವ ಸರ್ವೇಯರೂ ಪ್ರಾಯಶ್ಚಿತ್ತ ಬರೆದುಕೊಡಲಾರರು. ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ.

ಬಿರುಕಿನ ವಿಷಯದಲ್ಲಿ ಶಾಸ್ತ್ರ ಹೆಚ್ಚು ಸ್ಪಷ್ಟ. ಬಿಲ್ಡಿಂಗ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್‌ನ 251ನೇ ಡೈಜೆಸ್ಟ್ ಬಿರುಕುಗಳಿಗೆ ಸೊನ್ನೆಯಿಂದ ಐದರವರೆಗೆ ದರ್ಜೆ ಕಟ್ಟಿದೆ. ಅಗಲ 5 ಮಿಲಿಮೀಟರಿನೊಳಗಿದ್ದರೆ ಸಾಮಾನ್ಯವಾಗಿ ಅಂದಕ್ಕೆ ಬಂದ ಕುಂದು ಎಂದೇ ಲೆಕ್ಕ. 25 ದಾಟಿದರೆ ಗೋಡೆಯ ಸ್ಥಿರತೆಗೇ ಸಂಚಕಾರ. ಅಂಕೆಯಿಷ್ಟೇ ಸಾಲದು, ಬಿರುಕು ಹಳೆಯದೋ, ಈಗಲೂ ಬೆಳೆಯುತ್ತಿದೆಯೋ ಎಂದು ಕೇಳಬೇಕು. 1976ರ ಬರದಲ್ಲಿ ಆಗ್ನೇಯ ಇಂಗ್ಲೆಂಡಿನ ಜೇಡಿಮಣ್ಣು ಒಣಗಿ ಕುಗ್ಗಿ, ಅಡಿಪಾಯಗಳು ಕುಸಿದು, ವಿಮಾ ಕಂಪನಿಗಳ ಬಾಗಿಲಲ್ಲಿ ಸಾಲು ನಿಂತಿತ್ತು. ಆಗ ಬಿರಿದು ಅಂದಿನಿಂದ ಮಿಸುಕದ ಗೋಡೆಗಳೂ ಇವೆ. ಮನೆಯ ಹತ್ತಿರ ಜೇಡಿಮಣ್ಣಿನ ನೀರು ಹೀರುವ ಓಕ್ ಅಥವಾ ವಿಲೋ ಮರವಿದ್ದರೆ ವಿಮೆಯವರನ್ನು ಈಗಲೇ ವಿಚಾರಿಸಿ.

ಕ್ಷುದ್ರ ಪ್ರಕರಣಗಳು ಹಲವಿವೆ. ಮುಟ್ಟಿ ಮುಂದೆ ಹೋಗೋಣ. ಬ್ರಿಟನ್ನಿನಲ್ಲಿ ಕಲ್ನಾರನ್ನು ಸಂಪೂರ್ಣ ನಿಷೇಧಿಸಿದ್ದು 1999ರಲ್ಲಿ. ಅದಕ್ಕೆ ಹಿಂದಿನ ಉಬ್ಬುತಗ್ಗಿನ ಛಾವಣಿ ಲೇಪದಲ್ಲಿ ಅದು ಇರಬಹುದು. ಕೊರೆಯದೆ ಕೆರೆಯದೆ ಬಿಟ್ಟರೆ ಅದರ ಪಾಡಿಗೆ ಅದು. 1850ರಲ್ಲಿ ಕ್ಯೂ ಉದ್ಯಾನಕ್ಕೆ ಗೌರವದ ಅತಿಥಿಯಾಗಿ ಬಂದ ಜಪಾನೀಸ್ ನಾಟ್‌ವೀಡ್ ಇಂದು ಸಾಲ ಕೊಡುವವರನ್ನು ಬೆಚ್ಚಿಬೀಳಿಸುವ ಕಳೆ. ಅದು ಹಿತ್ತಿಲಲ್ಲಿದೆಯೇ ಎಂದು ಮಾರುವವರು ಮನೆಯ ಮಾಹಿತಿ ನಮೂನೆಯಲ್ಲೇ ಉತ್ತರಿಸಬೇಕು.

ಮಾವನವರಿಗೆ ಇದೆಲ್ಲ ವಿಚಿತ್ರವಾಗಿ ಕಾಣುವುದು ಸಹಜ. ನಮ್ಮ ಕಡೆ ಮನೆ ಕೊಳ್ಳುವಾಗ ಮೂಲಪತ್ರ, ಇ.ಸಿ., ಖಾತೆ, ಕಂದಾಯದ ರಸೀದಿಗಳನ್ನು ವಕೀಲರ ಮೇಜಿನ ಮೇಲೆ ಹರವಿ ತಿಂಗಳುಗಟ್ಟಲೆ ಶಂಕಿಸುತ್ತೇವೆ; ಗೋಡೆಯನ್ನು ಮಾತ್ರ ಬೆರಳಗೆಣ್ಣಿನಿಂದ ಕುಟ್ಟಿ “ಗಟ್ಟಿ ಇದೆ” ಎಂದು ಕೈತೊಳೆದುಕೊಳ್ಳುತ್ತೇವೆ. ಹಾಗೆ ನೋಡಿದರೆ, ಕಾಗದಕ್ಕೆ ಪಡುವ ಸಂಶಯದಲ್ಲಿ ಕಾಲುಭಾಗವನ್ನು ಬೆಂಗಳೂರಿನ ಬಚ್ಚಲುಮನೆಯ ಗೋಡೆಗೂ ಹಂಚಿದರೆ ನಷ್ಟವೇನಿಲ್ಲ.

ಕೊನೆಗೆ ಪ್ರಯೋಗಕಾಂಡ. ವರದಿ ಬಂದ ಮರುದಿನ ಸರ್ವೇಯರಿಗೆ ಫೋನ್ ಮಾಡಿ, “ನೀವೇ ಆಗಿದ್ದರೆ ಈ ಮನೆ ಕೊಳ್ಳುತ್ತಿದ್ದಿರಾ?” ಎಂದು ಕೇಳಿ. ಬರಹದಲ್ಲಿ ನಡುಗುವ ಸರ್ವೇಯರು ಬಾಯಿಮಾತಿನಲ್ಲಿ ಧೈರ್ಯವಂತರಾಗುವುದುಂಟು. ವಿಧಿವಾಕ್ಯಗಳಿಗೆ ಮಾತ್ರ ಮೇಸ್ತ್ರಿಗಳಿಂದ ಬರಹದಲ್ಲಿ ಅಂದಾಜು ಪಟ್ಟಿ ತರಿಸಿ, ಎಸ್ಟೇಟ್ ಏಜೆಂಟರ ಮುಂದಿಟ್ಟು ಬೆಲೆ ಇಳಿಸಲು ಕೇಳಿ. ಒಟ್ಟು ವರದಿಯನ್ನೇ ಎದುರಿಗೆ ಎಸೆದರೆ ಏಜೆಂಟರು ನಕ್ಕು ಮುಂದಿನ ಗಿರಾಕಿಗೆ ಫೋನ್ ಮಾಡುತ್ತಾರೆ. ಇದೆಲ್ಲ ಮುಗಿಯಬೇಕಾದದ್ದು ಕಾಂಟ್ರ್ಯಾಕ್ಟ್ ವಿನಿಮಯಕ್ಕೆ ಮೊದಲು. ಆ ದಿನದವರೆಗೆ ಹಿಂದೆ ಸರಿದರೆ ಹೋಗುವುದು ಸರ್ವೇ ಮತ್ತು ವಕೀಲರ ಖರ್ಚು. ಆಮೇಲೆ ಸರಿದರೆ ಸಾಮಾನ್ಯವಾಗಿ ಮನೆಬೆಲೆಯ ಶೇಕಡಾ 10ರಷ್ಟು ಠೇವಣಿ.