ಫಿಯಟ್ ರಾಯರ ಜಿಲ್ಲಾ ಗೆಜೆಟಿಯರ್

ಮನುಷ್ಯನ ಗುಣ ತಿಳಿಯುವುದಕ್ಕೆ ಕೆಲವರು ಜಾತಕ ನೋಡುತ್ತಾರೆ, ಕೆಲವರು ಅಂಗೈ ನೋಡುತ್ತಾರೆ. ಫಿಯಟ್ ರಾಯರಿಗೆ ಅಷ್ಟು ವ್ಯವಧಾನವಿಲ್ಲ. ಅವರು ಕೇಳುವುದು ಎರಡೇ ಪ್ರಶ್ನೆ: ‘ತಮ್ಮದು ಯಾವೂರಾಯ್ತು? ವಯಸ್ಸಲ್ಲಿ ಯಾವ ಕಾರು ಓಡಿಸ್ತಿದ್ರಿ?’ ಎರಡಕ್ಕೂ ಉತ್ತರ ಸಿಕ್ಕಿತೋ, ಮಿಕ್ಕದ್ದನ್ನು ಅವರೇ ಹೇಳುತ್ತಾರೆ. ನೀವು ಕೊಟ್ಟ ಸಾಲ ವಾಪಸ್ ಕೇಳುವವರೋ ಇಲ್ಲವೋ, ಹೆಂಡತಿ ಮಾತು ಕೇಳುವವರೋ, ಊಟಕ್ಕೆ ಬನ್ನಿ ಅಂದರೆ ನಿಜಕ್ಕೂ ಎಲೆ ಹಾಕುವವರೋ, ಎಲ್ಲವೂ ಅದರಲ್ಲೇ ಬಂತು.

ಇಂಥವರು ಎಲ್ಲ ಊರಲ್ಲೂ ಇದ್ದಾರೆ. ಧಾರವಾಡದ ಮಾಳಮಡ್ಡಿಯಲ್ಲಿ ಹುಡುಕಿದರೆ ಒಬ್ಬ ಅಂಬಾಸಿಡರ್ ಸಾಹೇಬರು ಸಿಗುತ್ತಾರೆ, ಮಡಿಕೇರಿಯಲ್ಲಿ ಒಬ್ಬರು ಜೀಪಿನ ಅಂಕಲ್. ನಮ್ಮ ಪಾಲಿಗೆ ಬಂದವರು ಮೈಸೂರು ಸರಸ್ವತಿಪುರಂನ ಫಿಯಟ್ ರಾಯರು. ಆ ಫಿಯಟ್ಟನ್ನು ಬುಕ್ ಮಾಡಿದಾಗ ಅವರಿಗೆ ಮದುವೆಯಾಗಿರಲಿಲ್ಲ. ಕಾರು ಮನೆಗೆ ಬಂದಾಗ ಮಗಳು ಸ್ಕೂಲಿಗೆ ಹೋಗುತ್ತಿದ್ದಳು. ಆರ್.ಸಿ. ಪುಸ್ತಕದಲ್ಲಿ ಅದರ ಹೆಸರು ಪ್ರೀಮಿಯರ್ ಪದ್ಮಿನಿ. ರಾಯರು ಆ ಹೆಸರೆತ್ತುವುದಿಲ್ಲ, ಅವರ ಅತ್ತೆಯವರ ಹೆಸರೂ ಅದೇ. ಬೆಳಿಗ್ಗೆ ಚೋಕ್ ಎಳೆದು, ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ಎರಡು ಬೆರಳಲ್ಲಿ ಮುಟ್ಟಿ, ಒಂದು ನಿಮಿಷ ಸುಮ್ಮನೆ ಕೂತು, ಆಮೇಲೆ ಹೊರಡುತ್ತಿದ್ದರಂತೆ. ಹೊರಟು ಎಲ್ಲಿಗೆ? ಹೆಚ್ಚೆಂದರೆ ನಂಜನಗೂಡು. ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು ಎಂದು ಅವರ ಮನೆಯವರು ಒಳಗಿನಿಂದ ಹೇಳಿದ್ದು ನನಗೂ ಕೇಳಿಸಿದೆ.

ರಾಯರ ಶಾಸ್ತ್ರಕ್ಕೆ ಒಂದು ದೊಡ್ಡ ತೊಡಕಿತ್ತು. ಅವರ ಯೌವನದ ಕರ್ನಾಟಕದಲ್ಲಿ ಜಿಲ್ಲೆಗಳು 19, ಕಾರುಗಳು ಮೂರು. ಕಲ್ಕತ್ತೆ ಪಕ್ಕದ ಉತ್ತರಪಾರಾದಿಂದ ಅಂಬಾಸಿಡರ್, ಮುಂಬೈಯ ಕುರ್ಲಾದಿಂದ ಫಿಯಟ್, ಮದ್ರಾಸಿನಿಂದ ಸ್ಟ್ಯಾಂಡರ್ಡ್ ಹೆರಾಲ್ಡ್. ಮೂರು ಕಾರನ್ನು 19 ಜಿಲ್ಲೆಗೆ ಹಂಚಬೇಕೆಂದರೆ ಯಾವ ಶಾನುಭೋಗರಿಗೂ ತಲೆ ಕೆಡುತ್ತದೆ. ರಾಯರಿಗೆ ಕೆಡಲಿಲ್ಲ. ಹಳೇ ಮೈಸೂರು ಸೀಮೆ, ಮೆದು ಮಾತು, ಹದವಾದ ಕಾಫಿ: ಫಿಯಟ್. ಉತ್ತರ ಕರ್ನಾಟಕ, ದೊಡ್ಡ ದನಿ, ದೊಡ್ಡ ಮನಸ್ಸು, ಮನೆ ತುಂಬ ಜನ: ಅಂಬಾಸಿಡರ್. ಕರಾವಳಿಯವರದೂ ಅಂಬಾಸಿಡರ್ರೇ, ಆದರೆ ಡೀಸೆಲ್, ಲೆಕ್ಕದವರು. ಕೊಡಗು, ಚಿಕ್ಕಮಗಳೂರಿಗೆ ಜೀಪು. ‘ಅದು ಕಾರಿನ ಲೆಕ್ಕಕ್ಕೆ ಬರಲ್ಲ ಇವ್ರೆ, ಅದು ಸಾಕಿದ ಪ್ರಾಣಿ.’ ಹೆರಾಲ್ಡ್ ಇಟ್ಟವರು ಯಾವ ಜಿಲ್ಲೆಯವರಾದರೂ ಶೋಕಿಯವರು. ಬೆಂಗಳೂರು? ಅದಕ್ಕೆ ಪ್ರತ್ಯೇಕ ಅಧ್ಯಾಯ. 1970ರ ದಶಕದಲ್ಲಿ ಬೆಂಗಳೂರಿನಲ್ಲೇ ಬಾದಲ್ ಎಂಬ ಕಾರು ತಯಾರಾಯಿತು, ಅದಕ್ಕಿದ್ದದ್ದು ಮೂರೇ ಚಕ್ರ. ‘ಮೂರು ಚಕ್ರ ಕೊಟ್ಟು, ನಾಲ್ಕನೇದಕ್ಕೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಂದ ಊರು ಸ್ವಾಮಿ ಅದು,’ ಎನ್ನುತ್ತಾರೆ ರಾಯರು. ಇದೊಂದನ್ನು ಮಾತ್ರ ನನಗೆ ಇವತ್ತಿನವರೆಗೂ ಅಲ್ಲಗಳೆಯಲಾಗಿಲ್ಲ.

ಕಾರೇ ಇಲ್ಲದವರ ಗತಿಯೇನು ಎಂದು ಕೇಳಿದ್ದೆ. ಆ ಕಾಲದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಅವರೇ ತಾನೆ? ಅದಕ್ಕೂ ಅನುಬಂಧವಿದೆ. ಮೈಸೂರಿನ ಹುಡುಗರಾದರೆ ಯಾದವಗಿರಿ ಕಾರ್ಖಾನೆಯ ಜಾವಾ. ಕಿಕ್ ಹೊಡೆಯುವ ಕಡ್ಡಿಯನ್ನೇ ಮಡಚಿ ಗೇರ್ ಹಾಕಬಹುದಾಗಿತ್ತು. ‘ಒಂದು ಕಡ್ಡೀಲಿ ಎರಡು ಕೆಲಸ. ಮಿತವ್ಯಯ ನಮ್ಮ ನೀರಲ್ಲೇ ಇದೆ,’ ಎಂದು ರಾಯರು ಅದರಲ್ಲೂ ಊರಿನ ಗುಣ ಕಂಡರು. ಆ ಮೋಟಾರ್ ಸೈಕಲ್ಲಿನ ಮೂಲ ವಿನ್ಯಾಸ ಚೆಕೊಸ್ಲೊವಾಕಿಯಾದ್ದು ಎಂದೆ. ಅವರಿಗೆ ಕಿವಿ ಸ್ವಲ್ಪ ಮಂದ.

ಶಾಸ್ತ್ರದ ನಿಜವಾದ ಪ್ರಯೋಗಶಾಲೆ ಮದುವೆ ಛತ್ರ. ಮೊನ್ನೆ ಅವರ ನೆಂಟರ ಮದುವೆಯಲ್ಲಿ ಗಂಡಿನ ಕಡೆಯವರ ಕಾರುಗಳು ಸಾಲಾಗಿ ನಿಂತಿದ್ದವು. ರಾಯರು ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಂಬರ್ ಪ್ಲೇಟುಗಳ ತಪಾಸಣೆಗೆ ಇಳಿದರು. 1989ರಲ್ಲಿ ಹೊಸ ಮೋಟಾರು ಕಾಯ್ದೆ ಬಂದು ಕೆಎ ನಂಬರು ಶುರುವಾದದ್ದು ಅವರ ಪಾಲಿಗೆ ಸರ್ಕಾರ ಮಾಡಿದ ಮಹೋಪಕಾರ. ‘ಕೆಎ 25, ಧಾರವಾಡ. ಇವರ ಜೊತೆ ಮಾತಿಗೆ ಕೂತರೆ ಮುಹೂರ್ತ ಮೀರತ್ತೆ. ಕೆಎ 19, ಮಂಗಳೂರು. ತಿಂಡಿ ಎಂಟಕ್ಕೆ ಅಂದ್ರೆ ಎಂಟಕ್ಕೇ ಇರಬೇಕು, ಅಡುಗೆ ಭಟ್ಟರಿಗೆ ಹೇಳಿಬಿಡಿ. ಕೆಎ 18, ಚಿಕ್ಕಮಗಳೂರು. ಛತ್ರದ ಕಾಫಿ ಇವರಿಗೆ ಕಾಣಿಸಬೇಡಿ.’

ತಿಂಡಿಯ ಪಂಕ್ತಿಯಲ್ಲಿ ಧಾರವಾಡದ ಬೀಗರು ಪಕ್ಕಕ್ಕೇ ಬಂದು ಕೂತರು. ಉಪ್ಪಿಟ್ಟು ಬರುವ ಮೊದಲೇ ರಾಯರು ಎರಡೂ ಪ್ರಶ್ನೆ ಮುಗಿಸಿದರು.

‘ಅಂಬಾಸಿಡರ್ ಅಲ್ವೆ ತಾವು ಓಡಿಸ್ತಿದ್ದಿದ್ದು?’

‘ಇಲ್ರೀ. ನಮ್ಮ ಮನ್ಯಾಗ ಹೆರಾಲ್ಡ್ ಇತ್ರೀ. ಬಾನೆಟ್ ಎತ್ತಿದ್ರ ಮುಂದಿನ ಮಡ್‌ಗಾರ್ಡ್ ಸಮೇತ ಪೂರಾ ಮ್ಯಾಲೆ ಏಳತಿತ್ತು. ನಮ್ಮ ಮಿಸ್ತ್ರಿ ಗಾಲಿ ಮ್ಯಾಲೆ ಕುಂತs ರಿಪೇರಿ ಮಾಡ್ತಿದ್ದ. ಛೊಲೊ ಗಾಡಿ ಬಿಡ್ರೀ.’

ರಾಯರ ಕೈಯಲ್ಲಿದ್ದ ಚಮಚ ನಿಂತಿತು. ಧಾರವಾಡದಲ್ಲಿ ಹೆರಾಲ್ಡ್! ಅದೂ ಇಷ್ಟು ಕಡಿಮೆ ಮಾತಾಡುವ ಮನುಷ್ಯ! ಒಂದು ಗುಟುಕು ನೀರು ಕುಡಿದು, ಬಹಳ ಮೃದುವಾಗಿ ಕೇಳಿದರು: ‘ತಮ್ಮ ತಾಯಿಯವರ ಕಡೆ ಯಾರಾದ್ರೂ ಮದ್ರಾಸ್ ಸೀಮೆಯವರು ಇದ್ರಾ?’

ಎದುರಿಗಿದ್ದ ಪುತ್ತೂರಿನವರು ನಗು ತಡೆಯಲಾರದೆ ತಾವೇ ಬಾಯಿ ಹಾಕಿದರು. ‘ಎಂತ ಮಾರಾಯ್ರೆ, ನಮ್ಮದು ಕೇಳಿ. ನಾವು ಕಾರು ಹತ್ತಿದ್ದೇ ಸರ್ವಿಸ್ ಕಾರಲ್ಲಿ. ಅಂಬಾಸಿಡರೇ, ಸರಿ. ಆದ್ರೆ ಅದ್ರಲ್ಲಿ ಎಷ್ಟು ಜನ ಗೊತ್ತುಂಟಾ? ಡ್ರೈವರಿನ ಬಲಗಡೆಗೂ ಒಬ್ಬ ಕೂತಿರ್ತಿದ್ದ. ಗೇರು ಹಾಕ್ಲಿಕ್ಕೆ ಡ್ರೈವರು ಪಕ್ಕದವನ ಕಾಲಿಗೆ ಹೇಳ್ಬೇಕು, ಸ್ವಲ್ಪ ಆಚೆ ಹೋಗು ಅಂತ.’

‘ನೋಡಿದ್ರಾ, ಲೆಕ್ಕದವರು!’ ಎಂದು ರಾಯರು ನನ್ನತ್ತ ತಿರುಗಿದರು. ಹೆರಾಲ್ಡಿನಿಂದ ಆದ ಗಾಯ ಅಲ್ಲಿಗೆ ಮಾಯಿತು.

ನನ್ನನ್ನು ಕೇಳಿದರೆ, ರಾಯರ ಗೆಜೆಟಿಯರಿನಲ್ಲಿ ಜನಕ್ಕಿಂತ ಹೆಚ್ಚಾಗಿ ಇರುವುದು ರಸ್ತೆ. ಮಲೆನಾಡಿನವನು ಜೀಪು ಹಿಡಿದದ್ದು ಹಟಮಾರಿಯಾಗಿದ್ದಕ್ಕಲ್ಲ. ಆಷಾಢದ ಕೆಸರಿನಲ್ಲಿ ತೋಟದ ದಾರಿ ಏರುವ ಗಾಡಿ ಬೇರೆ ಇರಲಿಲ್ಲ. ಬಯಲುಸೀಮೆಯ ಹಾದಿಯಲ್ಲಿ ಕೆಟ್ಟು ನಿಂತರೆ ಬೇವಿನ ಮರದ ಕೆಳಗೆ ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿ ಸಿಗುತ್ತಿದ್ದದ್ದು ಅಂಬಾಸಿಡರ್‌ಗೆ, ಅದಕ್ಕೇ ಅಂಬಾಸಿಡರ್. ಇನ್ನು ಕರಾವಳಿಯವರ ಲೆಕ್ಕಾಚಾರ ಎಂದು ರಾಯರು ಹೇಳುವುದು ಏನು? ಆಗುಂಬೆಯ 14 ತಿರುವು ಹತ್ತುವಾಗ ರೇಡಿಯೇಟರ್ ಕುದಿಯುತ್ತಿತ್ತು. ಡೀಸೆಲ್ ಅಲ್ಲದ ಗಾಡಿಯಾದರೆ ಬೇಸಿಗೆಯಲ್ಲಿ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಇಂಜಿನ್ ನಿಂತುಬಿಡುತ್ತಿತ್ತು. ಆಗ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಅದು ತಣಿಯುವವರೆಗೆ ಮಂಗಗಳನ್ನು ನೋಡುತ್ತ ಕೂರಬೇಕು. ಅಂಥ ಘಾಟಿಯನ್ನು ದಾಟಿ ನೆಂಟರ ಮನೆಗೆ ಹೋಗುವವರು ಒಂದು ಕ್ಯಾನ್ ನೀರು, ಒಂದು ಬಟ್ಟೆ, ಎರಡು ಗಂಟೆ ಹೆಚ್ಚಿನ ಹೊತ್ತು ಇಟ್ಟುಕೊಂಡೇ ಹೊರಡುತ್ತಾರೆ. ಮೈಸೂರಿನ ಚಾಮರಾಜ ಜೋಡಿ ರಸ್ತೆಯಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ, ಆದ್ದರಿಂದ ಮೈಸೂರಿನವರು ಮೆದು ಮಾತಿನವರು. ಇದನ್ನು ರಾಯರಿಗೆ ವಿವರಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ನೀವು ಹಾಸನದ ಕಡೆಯವರಲ್ವೆ? ಎಲ್ಲದಕ್ಕೂ ವಾದ,’ ಎಂದರು.

ಅವರ ಪ್ರಕಾರ ಪ್ರಳಯವಾದದ್ದು 1983ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿ ಮೊದಲ ಮಾರುತಿ ಕಾರಿನ ಬೀಗದ ಕೈ ಕೊಟ್ಟ ದಿನ. ಕರ್ನಾಟಕದ ಏಕೀಕರಣ 1956ರಲ್ಲಿ ಆಯಿತೆಂದು ಮಕ್ಕಳ ಪುಸ್ತಕದಲ್ಲಿದೆ; ರಾಯರು ಒಪ್ಪುವುದಿಲ್ಲ. ಬೀದರಿನ ಡಾಕ್ಟರು, ಸಿರಸಿಯ ಅಡಿಕೆ ಬೆಳೆಗಾರರು, ಮಂಡ್ಯದ ಲಾಯರು, ಉಡುಪಿಯ ಬ್ಯಾಂಕ್ ಮ್ಯಾನೇಜರು ಎಲ್ಲರೂ ಒಂದೇ ಬೆಂಕಿಪೊಟ್ಟಣದಲ್ಲಿ ಕೂತ ಮೇಲೆ ನಾಡು ನಿಜಕ್ಕೂ ಒಂದಾಯಿತು, ಶಾಸ್ತ್ರ ಹಾಳಾಯಿತು. ಈಗ ಜಿಲ್ಲೆಗಳು 31. ಕಾರುಗಳಿಗೆ ಲೆಕ್ಕವಿಲ್ಲ, ಆದರೆ ಎಲ್ಲವೂ ಬಿಳಿ, ಎಲ್ಲವೂ ಎತ್ತರ, ಎಲ್ಲವೂ ಕಂತಿನ ಮೇಲೆ.

ಈಚೆಗೆ ಮೊಮ್ಮಗಳಿಗೆ ಗಂಡು ನೋಡಲು ಬೆಂಗಳೂರಿಗೆ ಹೋದಾಗ ನನ್ನನ್ನೂ ಜೊತೆಗೆ ಕರೆದೊಯ್ದರು. ಹುಡುಗನ ಊರು ಬಳ್ಳಾರಿ, ಓದಿದ್ದು ಸುರತ್ಕಲ್, ಕೆಲಸ ವೈಟ್‌ಫೀಲ್ಡ್. ರಾಯರ ಮುಖದಲ್ಲಿ ಆಗಲೇ ಬೆವರು.

‘ಕಾರು ಯಾವುದಪ್ಪ?’

‘ಇಲ್ಲ ಅಂಕಲ್.’

‘ತೊಗೋಬೇಕು ಅಂತಿರೋದು?’

‘ಲೈಸೆನ್ಸೇ ಮಾಡಿಸಿಲ್ಲ. ಮೆಟ್ರೋ ಇದೆಯಲ್ಲ.’

ಹೊರಗೆ ಬಂದವರು ಗೇಟಿನ ಹತ್ತಿರ ನಿಂತುಬಿಟ್ಟರು. ‘ಹುಡುಗ ಒಳ್ಳೇವನೇ ಇರಬಹುದು. ಆದ್ರೆ ಓದೋದು ಹೇಗೆ ಇವ್ರೆ? ಖಾಲಿ ಪುಟ!’

ವಾಪಸು ಬರಲು ಟ್ಯಾಕ್ಸಿ ಕರೆಸಿದೆವು. ರಾಯರು ಹಿಂದೆ ಕೂರುವವರಲ್ಲ, ಮುಂದಿನ ಸೀಟಿನಲ್ಲಿ ಡ್ರೈವರ್ ಪಕ್ಕವೇ ಅವರ ಜಾಗ. ಮಾರತ್ತಹಳ್ಳಿ ದಾಟುವಷ್ಟರಲ್ಲಿ ಡ್ರೈವರ್ ಹುಡುಗನ ಊರು ಮದ್ದೂರು ಕಡೆ ಎಂದೂ, ಮೊದಲು ಕೈ ಕೊಟ್ಟದ್ದು ದೊಡ್ಡಪ್ಪನ ಕಬ್ಬಿನ ಟ್ರ್ಯಾಕ್ಟರಿಗೆ ಎಂದೂ ತಿಳಿದುಕೊಂಡಿದ್ದರು. ರಾಯರ ಬೆನ್ನು ನೆಟ್ಟಗಾಯಿತು. ಹಿಂದಕ್ಕೆ ತಿರುಗಿ, ‘ಟ್ರ್ಯಾಕ್ಟರಿನ ಕೈ. ಬ್ರೇಕು ಹಾಕೋದು ಕಡಿಮೆ, ಹಾಕಿದ್ರೆ ಜೋರು,’ ಎಂದು ಪಿಸುಗುಟ್ಟಿದರು. ಹುಡುಗ ಆ ಕ್ಷಣಕ್ಕೇ ಜೋರಾಗಿ ಬ್ರೇಕು ಹಾಕಿದ. ರಾಯರು ‘ನಿಧಾನ, ನಿಧಾನ’ ಎಂದರು. ಮತ್ತೊಂದು ಸಿಗ್ನಲ್ಲಿನಲ್ಲೂ ಅದೇ, ಮುಂದಿನ ಫ್ಲೈಓವರಿನಲ್ಲೂ ಅದೇ.

ಹುಡುಗ ಕನ್ನಡಿಯಲ್ಲಿ ನನ್ನನ್ನೊಮ್ಮೆ, ಪಕ್ಕದಲ್ಲಿ ಅವರನ್ನೊಮ್ಮೆ ನೋಡಿದ.

‘ಸಾ, ನೀವು ಮೈಸೂರ್ನೋರಲ್ವಾ?’

‘ಹೌದು. ಹೇಗೆ ಗೊತ್ತಾಯ್ತು?’

‘ಮೂರ್ ಸತಿ ನಿಧಾನ ಅಂದ್ರಲ್ಲ ಸಾ. ಆಗ್ಲೆ ಫಿಯಟ್ ಮಡಗಿದ್ರಾ?’

ರಾಯರು ಸೀಟ್ ಬೆಲ್ಟು ಸಡಿಲಿಸಿ ಅವನ ಕಡೆಗೆ ಪೂರ್ತಿ ತಿರುಗಿ ಕೂತರು. ‘ನಿನಗೆ ಮದುವೆ ಆಗಿದೆಯೇನಪ್ಪ?’